ಬಹುವಚನ, ಡಿಗ್ರಿ: ಕನ್ನಡ ಮಾಧ್ಯಮದವರು ಎಡವುವ ಜಾಗಗಳು

ನಮ್ಮ ಮಾತಿನಲ್ಲಿ ‘ಐದು ರೊಟ್ಟಿ ಹಾಕ್ರಿ’ ಅಂದರೆ ಮುಗಿಯಿತು. ಐದು ಅಂದಮೇಲೆ ರೊಟ್ಟಿಗೆ ‘ಗಳು’ ಹಚ್ಚುವವರು ಯಾರೂ ಇಲ್ಲ. ‘ತಮ್ಮ ಅಣ್ಣಗಿಂತ ಎತ್ತರ ಅದಾನ’ ಅನ್ನುವಾಗಲೂ ‘ಎತ್ತರ’ ಹಾಗೇ ಇರುತ್ತದೆ, ಹೋಲಿಕೆಯ ಭಾರವೆಲ್ಲ ‘ಗಿಂತ’ದ ಮೇಲೆ. ಇಂಗ್ಲಿಷಿಗೆ ಎರಡೂ ಕಡೆ ಗುರುತು ಬೇಕು: ಫೈವ್ ಇದ್ದರೆ ಬುಕ್ಸ್, ದ್ಯಾನ್ ಇದ್ದರೆ ಟಾಲರ್. ‘ಫೈವ್ ಬುಕ್’, ‘ಟಾಲ್ ದ್ಯಾನ್’ ಎಂಬ ತಪ್ಪುಗಳ ಬೇರು ಇದೇ. ಹಾಗಾಗಿ ಬರೆದದ್ದನ್ನು ತಿದ್ದುವಾಗ ಸಂಖ್ಯೆ, ಮೆನಿ, ಫ್ಯೂ, ದೀಸ್ ಕಂಡ ಕೂಡಲೇ ಮುಂದಿನ ನಾಮಪದ ನೋಡಿ. ದ್ಯಾನ್ ಕಂಡರೆ ಹಿಂದಿನ ಗುಣವಾಚಕ ನೋಡಿ.

ಬಹುವಚನದ ಸ್ಪೆಲ್ಲಿಂಗನ್ನು ಕಿವಿಯಿಂದ ಕಲಿಯುವುದು ಸುಲಭ. ಬಸ್, ಬಾಕ್ಸ್, ಡಿಶ್, ಬೆಂಚ್ ಪದಗಳ ತುದಿಗೆ ನೇರವಾಗಿ ‘ಸ್’ ಸೇರಿಸಿ ಹೇಳಲು ಬರುವುದಿಲ್ಲ, ನಡುವೆ ‘ಇ’ ನುಸುಳುತ್ತದೆ. ಅಂಥಲ್ಲಿ ಇ-ಎಸ್. ಸ್ಟಮಕ್ ಪದ ಸಿ-ಎಚ್‌ನಿಂದ ಮುಗಿದರೂ ಕೇಳುವುದು ‘ಕ್’, ಆದ್ದರಿಂದ ಬರೀ ಎಸ್. ಕೊನೆಯಲ್ಲಿ ವೈ ಇದ್ದರೆ ಅದರ ಹಿಂದಿನ ಅಕ್ಷರ ನೋಡಿ: ಸಿಟಿ, ಬೇಬಿಗಳಲ್ಲಿ ವ್ಯಂಜನ ಇರುವುದರಿಂದ ವೈ ಹೋಗಿ ಐ-ಇ-ಎಸ್, ಬಾಯ್, ಕೀ, ಡೇಗಳಲ್ಲಿ ಸ್ವರ, ಅಲ್ಲಿ ಎಸ್ ಸಾಕು. ಎಫ್‌ ವಿಷಯದಲ್ಲಿ ಮಾತ್ರ ನಂಬಬಹುದಾದ ಸೂತ್ರ ಇಲ್ಲ. ನೈಫ್, ಲೀಫ್, ಥೀಫ್, ಹಾಫ್‌ಗಳಿಗೆ ವಿ-ಇ-ಎಸ್ ಬರುತ್ತದೆ. ರೂಫ್, ಚೀಫ್, ಪ್ರೂಫ್‌ಗಳಿಗೆ ಬರೀ ಎಸ್. ಬಾಯಿಪಾಠವೇ ಗತಿ. ಪೊಟೆಟೊ, ಟೊಮೆಟೊ, ಹೀರೊಗಳಿಗೆ ಇ-ಎಸ್, ಫೋಟೊ, ರೇಡಿಯೊ, ಪಿಯಾನೊಗಳಿಗೆ ಎಸ್ ಎಂಬುದೂ ಹಾಗೆಯೇ.

ಎತ್ತು ಒಂದಿದ್ದರೆ ಆಕ್ಸ್, ಜೋಡಿಯಾದರೆ ಆಕ್ಸೆನ್. ಕುರಿ ಒಂದಿರಲಿ, ಹಿಂಡೇ ಇರಲಿ, ಶೀಪ್. ವುಮನ್‌ ಬಹುವಚನದಲ್ಲಿ ಬದಲಾಗುವುದು ಎರಡನೆಯ ಸ್ವರಾಕ್ಷರ, ಎ ಹೋಗಿ ಇ. ಆದರೆ ಓದುವಾಗ ಮೊದಲ ಸ್ವರವೂ ಬದಲಾಗಿ ‘ವಿಮಿನ್’ ಆಗುತ್ತದೆ. ಇದನ್ನು ಕಲಿಸುವವರೂ ಎಷ್ಟೋ ಸಲ ಮರೆಯುತ್ತಾರೆ.

ಬಸ್ಸಿನಲ್ಲಿ ‘ಒಬ್ರು ಲೇಡೀಸ್ ಇಳೀತಾರ, ತಡೀರಿ’ ಅನ್ನುವುದು ಕನ್ನಡದಲ್ಲಿ ನಡೆಯುತ್ತದೆ. ಇಂಗ್ಲಿಷ್ ಬರೆಯುವಾಗ ಒಬ್ಬಾಕೆ ಲೇಡಿ. ಫರ್ನಿಚರ್, ಲಗೇಜ್, ಇನ್ಫರ್ಮೇಶನ್, ಅಡ್ವೈಸ್, ಹೋಮ್‌ವರ್ಕ್‌ಗಳಿಗೆ ಎಸ್ ಹಚ್ಚಲೇಬಾರದು, ಹಿಂದೆ ‘ಎ’ ಕೂಡ ಬರುವುದಿಲ್ಲ. ಎಣಿಸಲೇಬೇಕಾದರೆ ‘ಟೂ ಪೀಸಸ್ ಆಫ್ ಲಗೇಜ್’. ಇನ್ನೊಂದು ಮೋಸ: ‘ಟೆನ್ ರುಪೀಸ್’ ಸರಿ, ಆದರೆ ‘ಟೆನ್-ರುಪೀ ನೋಟ್’. ಸಂಖ್ಯೆ ಮತ್ತು ನಾಮಪದ ಕೂಡಿ ಮುಂದಿನ ಪದಕ್ಕೆ ವಿಶೇಷಣವಾದಾಗ ಎಸ್ ಬಿದ್ದುಹೋಗುತ್ತದೆ.

ಇನ್ನು ಡಿಗ್ರಿ, ಅಂದರೆ ಗುಣವಾಚಕದ ಮೂರು ರೂಪಗಳು: ಟಾಲ್ (ಪಾಸಿಟಿವ್), ಟಾಲರ್ (ಕಂಪ್ಯಾರಟಿವ್), ಟಾಲೆಸ್ಟ್ (ಸೂಪರ್ಲೇಟಿವ್). ಒಂದೇ ಉಸಿರಿನ ಸಣ್ಣ ಪದಗಳಿಗೆ ಇ-ಆರ್, ಇ-ಎಸ್-ಟಿ. ಬಿಗ್, ಹಾಟ್, ಥಿನ್‌ನಂತೆ ತುದಿಯಲ್ಲಿ ಒಂದೇ ಸ್ವರಾಕ್ಷರ, ಒಂದೇ ವ್ಯಂಜನಾಕ್ಷರ ಇದ್ದರೆ ಆ ವ್ಯಂಜನ ಎರಡಾಗುತ್ತದೆ. ಕೂಲ್, ಡೀಪ್‌ಗಳಲ್ಲಿ ಎರಡು ಸ್ವರಾಕ್ಷರ ಇರುವುದರಿಂದ ಆಗುವುದಿಲ್ಲ. ಹೆವಿ, ಹ್ಯಾಪಿಗಳಲ್ಲಿ ವೈ ಬದಲು ಐ. ಬ್ಯೂಟಿಫುಲ್, ಡಿಫಿಕಲ್ಟ್‌ನಂಥ ಉದ್ದ ಪದಗಳಿಗೆ ಮೋರ್, ಮೋಸ್ಟ್. ಗುಡ್, ಬೆಟರ್, ಬೆಸ್ಟ್ ಎಲ್ಲರಿಗೂ ಗೊತ್ತು. ಬ್ಯಾಡ್, ವರ್ಸ್, ವರ್ಸ್ಟ್‌ನಲ್ಲಿ ನಡುವಿನದು ತಪ್ಪುತ್ತದೆ.

‘ಇನ್ನೂ ದೊಡ್ಡದು’ ಎಂದು ಮನಸ್ಸಿನಲ್ಲಿ ಇಟ್ಟುಕೊಂಡವರು ‘ಮೋರ್ ಬಿಗ್ಗರ್’ ಬರೆಯುತ್ತಾರೆ, ‘ಭಾಳ ದೊಡ್ಡದು’ ಅಂದುಕೊಂಡವರು ‘ವೆರಿ ಬಿಗ್ಗರ್’. ಎರಡೂ ತಪ್ಪು, ‘ಮಚ್ ಬಿಗ್ಗರ್’ ಸರಿ. ಸೀನಿಯರ್, ಜೂನಿಯರ್ ಆದಮೇಲೆ ದ್ಯಾನ್ ಬೇಡ, ‘ಟು’ ಬೇಕು. ‘ಬೆಳಗಾವಿ ಹವಾ ವಿಜಯಪುರಕ್ಕಿಂತ ತಂಪು’ ಎಂಬುದನ್ನು ಹಾಗೇ ಇಂಗ್ಲಿಷಿಗೆ ಎತ್ತಿದರೆ ಹವೆಯನ್ನು ಊರಿನ ಜೊತೆ ತೂಗಿದಂತಾಗುತ್ತದೆ. ‘ಕೂಲರ್ ದ್ಯಾನ್ ದ್ಯಾಟ್ ಆಫ್ ವಿಜಯಪುರ’ ಎಂದೇ ಬರೆಯಬೇಕು.

ಪರೀಕ್ಷೆಯಲ್ಲಿ ಡಿಗ್ರಿ ಬದಲಿಸಿ ಅಂದಾಗ ಮೊದಲು ನೋಡಬೇಕಾದದ್ದು: ಒಂದೇ ಒಂದೋ, ಕೆಲವುಗಳಲ್ಲಿ ಒಂದೋ? ವಿಸ್ತೀರ್ಣದಲ್ಲಿ ಬೆಳಗಾವಿ (13,415 ಚದರ ಕಿ.ಮೀ.) ಕರ್ನಾಟಕದ ಅತಿ ದೊಡ್ಡ ಜಿಲ್ಲೆ, ಅಂದರೆ ಒಂದೇ ಒಂದು. ‘ಬೆಳಗಾವಿ ಈಸ್ ದ ಲಾರ್ಜೆಸ್ಟ್ ಡಿಸ್ಟ್ರಿಕ್ಟ್ ಇನ್ ಕರ್ನಾಟಕ’ ಎಂಬುದು ಕಂಪ್ಯಾರಟಿವ್‌ನಲ್ಲಿ ‘ಲಾರ್ಜರ್ ದ್ಯಾನ್ ಎನಿ ಅದರ್ ಡಿಸ್ಟ್ರಿಕ್ಟ್’, ಪಾಸಿಟಿವ್‌ನಲ್ಲಿ ‘ನೋ ಅದರ್ ಡಿಸ್ಟ್ರಿಕ್ಟ್ ಇನ್ ಕರ್ನಾಟಕ ಈಸ್ ಆ್ಯಸ್ ಲಾರ್ಜ್ ಆ್ಯಸ್ ಬೆಳಗಾವಿ’. ಅದರ್ ಬಿಟ್ಟರೆ ಬೆಳಗಾವಿ ತನಗಿಂತ ತಾನೇ ದೊಡ್ಡದು ಎಂದಾಗುತ್ತದೆ.

ವಿಜಯಪುರದ ಗೋಳಗುಮ್ಮಟದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅದು ಜಗತ್ತಿನ ದೊಡ್ಡ ಗುಮ್ಮಟಗಳಲ್ಲಿ ಒಂದು: ‘ಒನ್ ಆಫ್ ದ ಲಾರ್ಜೆಸ್ಟ್ ಡೋಮ್ಸ್’. ಇಲ್ಲಿ ಕನ್ನಡವೇ ಕೈಹಿಡಿಯುತ್ತದೆ, ‘ಗುಮ್ಮಟಗಳಲ್ಲಿ’ ಅಂದಾಗ ಬಹುವಚನ ತಾನಾಗಿ ಬಂದಿದೆ. ಆದರೂ ‘ಒನ್ ಆಫ್ ಮೈ ಫ್ರೆಂಡ್’ ಬರೆಯುವವರು ಕಡಿಮೆಯಿಲ್ಲ. ಈ ಬಗೆಯ ವಾಕ್ಯದ ಕಂಪ್ಯಾರಟಿವ್ ‘ಲಾರ್ಜರ್ ದ್ಯಾನ್ ಮೋಸ್ಟ್ ಅದರ್ ಡೋಮ್ಸ್’, ಪಾಸಿಟಿವ್ ‘ವೆರಿ ಫ್ಯೂ ಡೋಮ್ಸ್ ಆರ್ ಆ್ಯಸ್ ಲಾರ್ಜ್ ಆ್ಯಸ್’ ಎಂದು. ಎನಿ ಅದರ್, ನೋ ಅದರ್ ಮುಂದೆ ಏಕವಚನ. ಮೋಸ್ಟ್ ಅದರ್, ವೆರಿ ಫ್ಯೂ ಮುಂದೆ ಬಹುವಚನ, ಕ್ರಿಯಾಪದವೂ ಆರ್.