ಮಾರುತಿ 800ರ ಗೇರ್‌ಬಾಕ್ಸ್ ಮನೆಯಲ್ಲೇ ಬದಲಿಸುವುದು

ಗೇರ್‌ಬಾಕ್ಸ್ ಹೋಗಿದೆ ಅನ್ನಿಸಿಕೊಂಡ ಹಳೆಯ ಮಾರುತಿ 800ಗಳಲ್ಲಿ ಎಷ್ಟೋ ಗಾಡಿಗಳಿಗೆ ಬೇಕಿರುವುದು ಹೊಸ ಕ್ಲಚ್ ಕೇಬಲ್ ಅಥವಾ ಗೇರ್ ರಾಡಿನ ಬುಷ್ ಮಾತ್ರ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಎಂಜಿನ್ ಆಫ್ ಮಾಡಿ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಎಲ್ಲವೂ ಬಿಗಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಒಂದೇ ಗೇರು, ಸಾಮಾನ್ಯವಾಗಿ ಎರಡನೆಯದು, ಕರಕರ ಅಂದರೆ ಆ ಗೇರಿನ ಸಿಂಕ್ರೊ ರಿಂಗ್ (ಗೇರು ಸಲೀಸಾಗಿ ಬೀಳಲು ವೇಗ ಹೊಂದಿಸುವ ಬಳೆ) ಸವೆದಿದೆ. ನ್ಯೂಟ್ರಲ್‌ನಲ್ಲಿ ಗುಂಯ್‌ಗುಟ್ಟಿ, ಪೆಡಲ್ ಒತ್ತಿದೊಡನೆ ಸದ್ದು ನಿಂತರೆ ಇನ್‌ಪುಟ್ ಶಾಫ್ಟಿನ (ಎಂಜಿನ್ ತಿರುವನ್ನು ಬಾಕ್ಸಿನೊಳಕ್ಕೆ ತರುವ ದಂಡ) ಬೇರಿಂಗ್ ಮೇಲೆ ಅನುಮಾನಪಡಿ. ಒತ್ತಿದಾಗ ಮಾತ್ರ ಸದ್ದು ಬಂದರೆ ಅದು ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಓಡುವಾಗ ಗೇರು ತಾನಾಗಿ ಹೊರಬೀಳುವುದು, ಡ್ರೇನ್ ಎಣ್ಣೆಯಲ್ಲಿ ಉಕ್ಕಿನ ಚೂರು ಸಿಗುವುದು, ಇವೆರಡಕ್ಕೆ ಬಾಕ್ಸ್ ಇಳಿಸದೆ ದಾರಿಯಿಲ್ಲ.

ಬದಲಿ ಬಾಕ್ಸ್ ಹೆಚ್ಚಾಗಿ ಗುಜರಿಯಿಂದಲೇ ಬರುತ್ತದೆ. ಈ ಕಾರಿನ ಉತ್ಪಾದನೆ 2014ರಲ್ಲೇ ನಿಂತಿದೆ. ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಸೀಲು, ಬೇರಿಂಗ್, ಕ್ಲಚ್ ಸೆಟ್ಟಿಗೆ ಜೆ.ಸಿ. ರಸ್ತೆ. ಅಂಗಡಿಯಲ್ಲೇ ಇನ್‌ಪುಟ್ ಶಾಫ್ಟನ್ನು ಕೈಯಿಂದ ತಿರುಗಿಸಿ, ಪ್ರತಿ ಗೇರಿಗೂ ಹಾಕಿ ನೋಡಿ. ಶಾಫ್ಟ್ ಮೇಲೆ ಕೆಳಗೆ ಲಗಲಗ ಅಲ್ಲಾಡಿದರೆ ಬೇಡ. ಬೆಲ್ ಹೌಸಿಂಗ್ (ಎಂಜಿನ್ನಿಗೆ ಕೂರುವ ಗಂಟೆಯಾಕಾರದ ಭಾಗ) ಮತ್ತು ಮೌಂಟಿಂಗ್ ಕಿವಿಗಳಲ್ಲಿ ಬಿರುಕೋ ವೆಲ್ಡಿಂಗ್ ಗುರುತೋ ಇದೆಯೇ ಎಂದು ಬಟ್ಟೆಯಲ್ಲಿ ಒರೆಸಿ ನೋಡಿ. ಒಳಗೆ ಉಳಿದ ಎಣ್ಣೆಯಲ್ಲಿ ಸಣ್ಣ ಹಿತ್ತಾಳೆ ಮಿನುಗು ಇದ್ದರೆ ಗಾಬರಿಯಿಲ್ಲ, ಉಗುರಿಗೆ ಸಿಗುವ ಚೂರಿದ್ದರೆ ವಾಪಸ್ ಇಡಿ. ಬಿಲ್ ಮಾತ್ರ ಕೇಳಿ ಪಡೆಯಿರಿ. 4 ಗೇರಿನ ಗಾಡಿಗೆ 5 ಗೇರಿನ ಬಾಕ್ಸ್ ಕೂರಿಸುವ ಆಸೆಯಿದ್ದರೆ ಮೌಂಟಿಂಗ್, ಗೇರ್ ರಾಡ್, ಕೇಬಲ್ ಎಲ್ಲವನ್ನೂ ಒಂದೇ ಗಾಡಿಯಿಂದ ತನ್ನಿ. ಅರ್ಧ ಇದು, ಅರ್ಧ ಅದು ಮಾಡಿದರೆ ಗೇರುಗಳು ಸರಿಯಾಗಿ ಬೀಳುವುದಿಲ್ಲ.

ಗಾಡಿಯನ್ನು ಗಟ್ಟಿ ಸಮತಟ್ಟು ನೆಲದಲ್ಲಿ ನಿಲ್ಲಿಸಿ ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಮುಂಭಾಗ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ, ಭಾರಕ್ಕೆ ಅವು ಸುಳಿವಿಲ್ಲದೆ ಪುಡಿಯಾಗುತ್ತವೆ. ಸ್ಟ್ಯಾಂಡ್ ಮೇಲಿನ ಗಾಡಿಯನ್ನು ಜೋರಾಗಿ ಅಲುಗಿಸಿ ನೋಡಿದ ಮೇಲೆಯೇ ಕೆಳಗೆ ಹೋಗಿ. ಇಬ್ಬರಿರಬೇಕು, ಬಾಕ್ಸ್ ಇಳಿಯುವಾಗ ಎದೆಯ ಮೇಲೆ ಹಿಡಿಯುವ ಭಾರ ಅದಲ್ಲ.

ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್. ಆಮೇಲೆ ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟಿನ ಕಪ್ಲರ್, ಬಾಕ್ಸಿಗೆ ಬಿಗಿದ ಅರ್ತ್ ವಯರ್, ಸ್ಟಾರ್ಟರ್ ಮೋಟಾರ್. ಕೆಳಗಿನಿಂದ ಗೇರ್ ರಾಡ್ ಮತ್ತು ಅದರ ಎಕ್ಸ್‌ಟೆನ್ಷನ್ ರಾಡ್ ಬಿಚ್ಚಿ. ಎಣ್ಣೆ ಇಳಿಸುವಾಗ ತುಂಬುವ ಪ್ಲಗ್ ಬಿಚ್ಚಲು ಬರುತ್ತದೆಯೇ ಎಂದು ಮೊದಲು ಖಾತ್ರಿ ಮಾಡಿಕೊಂಡು ನಂತರ ಡ್ರೇನ್ ಪ್ಲಗ್‌ಗೆ ಕೈ ಹಾಕಿ. ಹೊಸದಾಗಿ ತಂದ ಬಾಕ್ಸಿನ ಪ್ಲಗ್‌ಗೂ ಇದೇ ಪರೀಕ್ಷೆ, ಅದು ಇನ್ನೂ ನೆಲದ ಮೇಲಿರುವಾಗಲೇ.

ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿಗಾಗಿ ಹಬ್ ನಟ್ ಬಿಚ್ಚುವ ಅಗತ್ಯವಿಲ್ಲ. ಲೋವರ್ ಆರ್ಮಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ ಹೊರಕ್ಕೆ ಎಳೆದರೆ ಒಳತುದಿಗೆ ಜಾಗ ಸಿಗುತ್ತದೆ. ದೊಡ್ಡ ಲಿವರ್‌ನಿಂದ ಜಾಯಿಂಟನ್ನು ಬಾಕ್ಸಿನ ಮೈಗೆ ಆನಿಸಿ ಒಮ್ಮೆ ತಟ್ಟನೆ ಮೀಟಿದರೆ ಶಾಫ್ಟನ್ನು ಹಿಡಿದಿಡುವ ಸ್ಪ್ರಿಂಗ್ ಬಳೆ, ಅಂದರೆ ಸರ್‌ಕ್ಲಿಪ್, ಬಿಡುತ್ತದೆ. ಶಾಫ್ಟ್ ಹಿಡಿದು ಎಳೆಯಬೇಡಿ, ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ಬಿಡಿಸಿದ ಶಾಫ್ಟುಗಳನ್ನು ತಂತಿಯಿಂದ ಮೇಲಕ್ಕೆ ಕಟ್ಟಿ. ನೇತುಬಿಟ್ಟರೆ ರಬ್ಬರ್ ಬೂಟ್ ಹರಿಯುತ್ತದೆ.

ಈಗ ಎಂಜಿನ್ನಿಗೆ ಆಸರೆ: ಸಂಪಿನ (ಎಂಜಿನ್ನಿನ ತಳದ ಎಣ್ಣೆ ತಟ್ಟೆ) ಕೆಳಗೆ ಮರದ ಹಲಗೆ, ಅದರ ಕೆಳಗೆ ಜಾಕ್. ಬಾಕ್ಸಿಗೆ ಇನ್ನೊಂದು ಜಾಕ್. ಆಮೇಲೆ ಬಾಕ್ಸ್ ಕಡೆಯ ಮೌಂಟಿಂಗ್ ತೆಗೆದು ಬೆಲ್ ಹೌಸಿಂಗ್ ಬೋಲ್ಟುಗಳನ್ನು ಬಿಚ್ಚಿ. ಉದ್ದಗಳು ಬೇರೆ ಬೇರೆ. ಒಂದು ರಟ್ಟಿನ ಮೇಲೆ ಬಾಕ್ಸಿನ ಚಿತ್ರ ಗೀಚಿ ಆಯಾ ಜಾಗದಲ್ಲೇ ಬೋಲ್ಟ್ ಚುಚ್ಚಿಡಿ. ಬಾಕ್ಸ್ ಅದನ್ನು ಸರಿಜಾಗದಲ್ಲಿ ಹಿಡಿಯುವ ಡೋವೆಲ್ ಪಿನ್ನಿನಿಂದ ಬಿಟ್ಟ ಮೇಲೂ ಎಂಜಿನ್ನಿನಿಂದ ನೇರವಾಗಿಯೇ ಆಚೆಗೆ ಸರಿಯಬೇಕು. ಈ ಇಡೀ ಕೆಲಸದಲ್ಲಿ ಗೇರ್‌ಬಾಕ್ಸ್ ತೂಕ ಒಂದು ಗಳಿಗೆಯೂ ಇನ್‌ಪುಟ್ ಶಾಫ್ಟಿನ ಮೇಲೆ ಬೀಳಕೂಡದು. ಬಿದ್ದರೆ ಕ್ಲಚ್ ಪ್ಲೇಟಿನ ಹಬ್ ಬಾಗುತ್ತದೆ, ಮುಂದೆ ಕ್ಲಚ್ ಬಿಡುವುದೇ ಇಲ್ಲ. ಹೊಸ ಬಾಕ್ಸೇ ಕೆಟ್ಟದ್ದು ಎಂದು ಗುಜರಿಯವನ ಜತೆ ಜಗಳಕ್ಕೆ ಹೋಗುವವರ ಕಥೆ ಬಹುಪಾಲು ಇದೇ.

ಬಾಕ್ಸ್ ಹೊರಗಿರುವಾಗ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಬದಲಿಸದಿರುವುದು ದಡ್ಡ ಉಳಿತಾಯ. ಎರಡು ಡ್ರೈವ್ ಶಾಫ್ಟ್ ಸೀಲುಗಳನ್ನೂ ಹಾಕಿ. ಕ್ರ್ಯಾಂಕಿನ ಹಿಂಬದಿ ಸೀಲ್ ಒಸರುತ್ತಿದ್ದರೆ ಅದನ್ನೂ. ಕ್ಲಚ್ ಪ್ಲೇಟಿನ ಉಬ್ಬಿದ ಸ್ಪ್ರಿಂಗ್ ಭಾಗ ಪ್ರೆಷರ್ ಪ್ಲೇಟ್ ಕಡೆಗಿರಲಿ. ನಡುವಿಗೆ ಅಲೈನ್‌ಮೆಂಟ್ ಟೂಲ್ ಹಾಕಿ, ಇಲ್ಲದಿದ್ದರೆ ಅಳತೆಗೆ ತಕ್ಕಷ್ಟು ಇನ್ಸುಲೇಷನ್ ಟೇಪ್ ಸುತ್ತಿದ ಮರದ ಕೋಲು ಸಾಕು. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ 20–25 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಇನ್‌ಪುಟ್ ಶಾಫ್ಟಿನ ಹಲ್ಲುಗೆರೆಗಳಿಗೆ, ಅಂದರೆ ಸ್ಪ್ಲೈನಿಗೆ, ಗ್ರೀಸ್ ಸವರಿದ ಗುರುತಿದ್ದರೆ ಸಾಕು. ಹೆಚ್ಚಾದದ್ದು ಹಾರಿ ಲೈನಿಂಗ್ ಮೇಲೆ ಕೂತರೆ ಕ್ಲಚ್ ಜಾರುತ್ತದೆ.

ಬಾಕ್ಸ್ ಮೇಲೇರಿಸುವಾಗ ಒಂದು ಗೇರಿಗೆ ಹಾಕಿ, ಡಿಫರೆನ್ಷಿಯಲ್ ಕಡೆಯಿಂದ ಮೆಲ್ಲಗೆ ತಿರುಗಿಸುತ್ತಾ ಸ್ಪ್ಲೈನ್ ಹೊಂದಿಸಿ. ಎಂಜಿನ್ ಮತ್ತು ಬಾಕ್ಸ್ ನಡುವಿನ ಸಂದು ಸುತ್ತಲೂ ಒಂದೇ ಅಳತೆ ಇದ್ದರೆ ಕೈಯಲ್ಲೇ ಒಳಹೋಗುತ್ತದೆ. ಹೋಗದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಅಲ್ಯೂಮಿನಿಯಂ ಕಿವಿ ಮುರಿಯುತ್ತದೆ. ಪ್ಲೇಟ್ ಪಕ್ಕಕ್ಕೆ ಜರುಗಿದೆಯೇ ಎಂದು ಬಿಚ್ಚಿ ನೋಡಿ. ಡ್ರೈವ್ ಶಾಫ್ಟಿಗೆ ಹೊಸ ಸರ್‌ಕ್ಲಿಪ್ ಹಾಕಿ, ಸೀಲಿನ ತುಟಿಗೆ ತಗುಲದಂತೆ ಒಳಕ್ಕೆ ನೂಕಿ. ಟಕ್ ಎಂದು ಕೂತ ಮೇಲೆ ಜಾಯಿಂಟಿನ ಮೈ ಹಿಡಿದು ಒಮ್ಮೆ ಜಗ್ಗಿ ನೋಡಿ.

ಎಣ್ಣೆ ಜಿಎಲ್-4 ದರ್ಜೆಯದು, 75ಡಬ್ಲ್ಯು-90 ಅಥವಾ 80ಡಬ್ಲ್ಯು-90. ಜಿಎಲ್-5 ದುಬಾರಿಯಾದ್ದರಿಂದ ಒಳ್ಳೆಯದು ಅನ್ನುವವರಿದ್ದಾರೆ, ಆದರೆ ಅದರ ಗಂಧಕಯುಕ್ತ ಅಡಿಟಿವ್‌ಗಳು ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನಬಲ್ಲವು. ಗಾಡಿ ಸಮತಟ್ಟಾಗಿದ್ದು ಲೆವೆಲ್ ತೂತಿನಿಂದ ಎಣ್ಣೆ ತೊಟ್ಟಿಕ್ಕುವವರೆಗೆ ತುಂಬಿ. 2 ಲೀಟರ್ ಆಸುಪಾಸು ಹಿಡಿಯುತ್ತದೆ. ಕ್ಲಚ್ ಪೆಡಲಿಗೆ ಸುಮಾರು 20 ಮಿ.ಮೀ. ಆಟ (ಬಿಗಿ ಸಿಗುವ ಮೊದಲಿನ ಸಡಿಲು) ಬಿಡಿ.

ಚಕ್ರಗಳು ಗಾಳಿಯಲ್ಲಿರುವಾಗಲೇ, ಎಂಜಿನ್ ಆಫ್ ಇಟ್ಟು ಎಲ್ಲ ಗೇರುಗಳನ್ನೂ ಹಾಕಿ ಕೈಯಿಂದ ಚಕ್ರ ತಿರುಗಿಸಿ. ಗಾಡಿ ಇಳಿಸಿ ಓಡಿಸಿದ ಮೇಲೆ ರಿವರ್ಸ್ ಹಾಕುವಾಗ ಮಾತ್ರ ಸಣ್ಣಗೆ ಕರ್ ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಅದಕ್ಕೆ ಸಿಂಕ್ರೊ ಇಲ್ಲ. ಕ್ಲಚ್ ಒತ್ತಿ ಎರಡು ಸೆಕೆಂಡ್ ಕಾದು ಹಾಕಿ. 50 ಕಿ.ಮೀ. ಓಡಿದ ಬಳಿಕ ಶಾಫ್ಟ್ ಸೀಲುಗಳ ಕೆಳಗೆ ಬೆರಳಾಡಿಸಿ ಒಸರು ನೋಡಿ, ಮೌಂಟಿಂಗ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿಸಿ, ವೇಸ್ಟ್ ಆಯಿಲ್ ಕೊಳ್ಳುವವರಿಗೆ ಕೊಡಿ.