ಮಾತಿಗೆ ತಕ್ಕ ದೃಶ್ಯ: ಬಿ-ರೋಲ್ ತೆಗೆಯುವುದು ಹೇಗೆ?

ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯೊಬ್ಬರ ಬಗ್ಗೆ ಮೂರು ನಿಮಿಷದ ವಿಡಿಯೊ ಮಾಡಬೇಕಿದೆ ಎಂದುಕೊಳ್ಳಿ. ಮೂರು ನಿಮಿಷವೂ ಅವರ ಮುಖವನ್ನೇ ತೋರಿಸಿದರೆ, ಮಾತು ಎಷ್ಟೇ ಸೊಗಸಾಗಿರಲಿ, ನೋಡುವವರ ಬೆರಳು ಮುಂದಿನ ವಿಡಿಯೊಗೆ ಜಾರುತ್ತದೆ. ತಿರುಗುವ ಲೇತ್ (ಮರ ಕಡೆಯುವ ಯಂತ್ರ), ಉಳಿಯ ತುದಿಯಿಂದ ಹಾರುವ ಹೊಟ್ಟು, ಮರಕ್ಕೆ ಮೆತ್ತಿಕೊಳ್ಳುವ ಅರಗು ನಡುನಡುವೆ ಬರಬೇಕು. ಈ ಪೂರಕ ದೃಶ್ಯಗಳನ್ನೇ ಬಿ-ರೋಲ್ ಎನ್ನುವುದು. 16 ಎಂಎಂ ಫಿಲ್ಮ್ ಕಾಲದಲ್ಲಿ ಅಂಟಿಸಿದ ಜಾಗ ಪರದೆಯ ಮೇಲೆ ಕಾಣದಿರಲೆಂದು ಶಾಟ್‌ಗಳನ್ನು ಎ ಮತ್ತು ಬಿ ಎಂಬ ಎರಡು ಸುರುಳಿಗಳಿಗೆ ಒಂದು ಬಿಟ್ಟು ಒಂದರಂತೆ ಹಂಚುತ್ತಿದ್ದರು. ಆ ಹೆಸರು ಇಂದಿಗೂ ಉಳಿದಿದೆ.

ಮೊದಲು ಮಾತು, ಆಮೇಲೆ ದೃಶ್ಯ

ಸಂದರ್ಶನವನ್ನು ಮೊದಲು ಮುಗಿಸಿ. ಅವರು ಆಡಿದ ಮಾತಿನಲ್ಲಿ ಬಂದ ವಸ್ತುಗಳನ್ನೂ ಕ್ರಿಯೆಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದೇ ನಿಮ್ಮ ಶಾಟ್ ಪಟ್ಟಿ. ‘ಹಾಲೆ ಮರ ಮೆತ್ತಗಿರುತ್ತೆ’ ಎಂಬ ಮಾತಿಗೆ ಅಂಗಡಿಯ ಬೋರ್ಡ್ ತೋರಿಸಿದರೆ ಜಾಗ ತುಂಬುತ್ತದೆ ಅಷ್ಟೇ. ಉಳಿ ಸೋಕಿದಾಗ ಸಿಪ್ಪೆಯಂತೆ ಸುಲಿದು ಬರುವ ಮರವನ್ನು ತೋರಿಸಿದರೆ ಮಾತು ಕಣ್ಣಿಗೂ ತಿಳಿಯುತ್ತದೆ.

ಎಷ್ಟು ಶಾಟ್ ಬೇಕು? ಮೂರು ನಿಮಿಷದಲ್ಲಿ ಅರ್ಧದಷ್ಟು, ಅಂದರೆ 90 ಸೆಕೆಂಡು ಬಿ-ರೋಲ್ ಇರಲಿ. ಒಂದೊಂದಕ್ಕೆ ನಾಲ್ಕು ಸೆಕೆಂಡಿನಂತೆ ಸುಮಾರು 22 ಶಾಟ್ ಬೇಕು. ಅದರ ದುಪ್ಪಟ್ಟು ತೆಗೆಯಿರಿ. ಪ್ರತಿ ಶಾಟನ್ನೂ ಕನಿಷ್ಠ 10 ಸೆಕೆಂಡು ಅಲುಗಾಡದೆ ಹಿಡಿಯಿರಿ. ಹೊಸಬರ ದೃಶ್ಯಗಳು ಕೈಕೊಡುವುದು ಹೆಚ್ಚಾಗಿ ಇಲ್ಲೇ, ಮೂರು ಸೆಕೆಂಡಿಗೇ ಕ್ಯಾಮೆರಾ ತಿರುಗಿಸಿಬಿಡುತ್ತಾರೆ.

ಒಂದು ಕೆಲಸಕ್ಕೆ ಐದು ಕೋನ ಎಂದು ಲೆಕ್ಕ ಇಟ್ಟುಕೊಳ್ಳಿ: ಕೈ, ಮುಖ, ಇಡೀ ಕೋಣೆ, ಭುಜದ ಹಿಂದಿನಿಂದ ಕಾಣುವ ನೋಟ, ಮತ್ತು ನೋಡುಗರು ನಿರೀಕ್ಷಿಸದ ಒಂದು ಜಾಗ. ಕುಶಲಕರ್ಮಿಗೂ ಲೇತಿಗೂ ನಡುವೆ ಒಂದು ಗೆರೆ ಎಳೆದಂತೆ ಭಾವಿಸಿ, ಅದರ ಒಂದೇ ಬದಿಯಲ್ಲಿರಿ. ಗೆರೆ ದಾಟಿದರೆ ಬಲಗಡೆ ನೋಡುತ್ತಿದ್ದವರು ಮುಂದಿನ ಶಾಟ್‌ನಲ್ಲಿ ಎಡಗಡೆ ನೋಡುತ್ತಾರೆ. ಹೊಟ್ಟು ರಭಸವಾಗಿ ಸಿಡಿಯುವುದರಿಂದ ಹತ್ತಿರಕ್ಕೆ ನುಗ್ಗಬೇಡಿ. ದೂರ ನಿಂತು, ದೂರದ್ದನ್ನು ಹತ್ತಿರ ತೋರಿಸುವ ಫೋನಿನ ಟೆಲಿ ಲೆನ್ಸ್ ಬಳಸಿ. ಟೆಲಿ ಲೆನ್ಸ್ ಇಲ್ಲದ ಫೋನಿನಲ್ಲಿ ಬೆರಳಿನಿಂದ ಹಿಗ್ಗಿಸಿದರೆ ಚಿತ್ರ ಮಸುಕಾಗುತ್ತದೆ.

ಪಟ್ಟೆಗಳು ಓಡುವುದೇಕೆ?

ಕಾರ್ಯಾಗಾರದಲ್ಲಿ ತೆಗೆದ ವಿಡಿಯೊದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರಿಯುವುದನ್ನು ಕಂಡಿರಬಹುದು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು; ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಫೋನು ಸೆಕೆಂಡಿಗೆ 30 ಫ್ರೇಮ್‌ನಲ್ಲಿ (ಬಿಡಿ ಚಿತ್ರ) 1/60 ಶಟರ್ ಇಟ್ಟಾಗ, ಅಂದರೆ ಪ್ರತಿ ಫ್ರೇಮಿಗೂ ಸೆಕೆಂಡಿನ ಅರವತ್ತನೇ ಒಂದು ಭಾಗದಷ್ಟು ಹೊತ್ತು ಬೆಳಕು ಬಿಟ್ಟಾಗ, ಫ್ರೇಮಿನ ಒಂದೊಂದು ಭಾಗಕ್ಕೆ ಒಂದೊಂದು ಪ್ರಮಾಣದ ಬೆಳಕು ಬೀಳುತ್ತದೆ. 25 ಫ್ರೇಮ್, 1/50 ಶಟರ್ ಇಟ್ಟರೆ ಎರಡು ಮಿನುಗು ಸರಿಯಾಗಿ ಹಿಡಿಸುತ್ತವೆ, ಪಟ್ಟೆ ಮಾಯ. ಬೆಳಕು ಹೆಚ್ಚಿದ್ದರೆ 1/100 ಕೂಡ ಆದೀತು. ಬಿಸಿಲಿನಲ್ಲಿ 1/50 ಇಟ್ಟರೆ ಚಿತ್ರ ಬೆಳ್ಳಗಾಗುತ್ತದೆ. ಲೆನ್ಸ್ ಮೇಲೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಸಿಕ್ಕಿಸಿ, ಇಲ್ಲವೇ ನೆರಳಿಗೆ ಸರಿಯಿರಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮತ್ತು ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಎರಡನ್ನೂ ಲಾಕ್ ಮಾಡಿ. ಮಾಡದಿದ್ದರೆ ಕೆಂಪು ಅರಗು ಫ್ರೇಮಿಗೆ ಬಂದೊಡನೆ ಗೋಡೆಯ ಬಣ್ಣವೂ ಬದಲಾಗುತ್ತದೆ.

ಎಫೆಕ್ಟ್ ಎಲ್ಲಿ, ಎಲ್ಲಿ ಬೇಡ

ಸ್ಲೋ ಮೋಷನ್ ಹೊಟ್ಟು ಹಾರುವುದಕ್ಕೆ ಒಪ್ಪುತ್ತದೆ. 100 ಫ್ರೇಮ್‌ನಲ್ಲಿ ತೆಗೆದದ್ದು 25 ಫ್ರೇಮಿನ ಎಡಿಟಿಂಗ್ ಟೈಮ್‌ಲೈನ್‌ನಲ್ಲಿ ನಾಲ್ಕು ಪಟ್ಟು ನಿಧಾನವಾಗುತ್ತದೆ. ಫೋನುಗಳಲ್ಲಿ ಸಾಮಾನ್ಯವಾಗಿ ಸಿಗುವುದು 120 ಮತ್ತು 240 ಫ್ರೇಮ್. ಇವೆರಡೂ ನಮ್ಮ ಬಲ್ಬಿನ ಬೆಳಕಿನಲ್ಲಿ ಮಿನುಗುವುದರಿಂದ ಬಾಗಿಲು ತೆರೆದು ಹಗಲ ಬೆಳಕಿನಲ್ಲೇ ತೆಗೆಯಿರಿ.

ಆದರೆ ಅರಗು ಹಚ್ಚುವುದನ್ನು ದಯವಿಟ್ಟು ನಿಧಾನ ಮಾಡಬೇಡಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೇ ಅದು ಕರಗಿ, ನೋಡನೋಡುತ್ತ ಬಣ್ಣ ಹರಡಿಕೊಳ್ಳುತ್ತದೆ. ಆ ವೇಗವೇ ಆ ದೃಶ್ಯದ ಸೊಗಸು. ಇನ್ನೊಂದು ತೊಡಕೂ ಇದೆ: ಒಂದೇ ಬಣ್ಣದ ನುಣುಪಾದ ಗುಂಡು ತಿರುಗುತ್ತಿದ್ದರೂ ಕ್ಯಾಮೆರಾದಲ್ಲಿ ನಿಂತಂತೆ ಕಾಣುತ್ತದೆ. ಆದ್ದರಿಂದ ಕಡ್ಡಿ, ಕೈ ಅಥವಾ ಹೊಳಪು ಕೊಡುವ ಕೇದಗೆ ಗರಿ ಫ್ರೇಮಿನಲ್ಲಿರಲಿ.

ಬೊಂಬೆಗಳಿಂದ ಬುಟ್ಟಿ ತುಂಬುವುದಕ್ಕೆ ಟೈಮ್‌ಲ್ಯಾಪ್ಸ್ (ದೀರ್ಘ ಕೆಲಸವನ್ನು ಕ್ಷಣಗಳಲ್ಲಿ ತೋರಿಸುವ ವಿಧಾನ) ಸರಿ. 40 ನಿಮಿಷದ ಕೆಲಸ 8 ಸೆಕೆಂಡಾಗಬೇಕಾದರೆ 200 ಫ್ರೇಮ್ ಬೇಕು, ಅಂದರೆ 12 ಸೆಕೆಂಡಿಗೊಂದು ಚಿತ್ರ. ಟ್ರೈಪಾಡ್ ಕೂದಲೆಳೆಯಷ್ಟೂ ಅಲುಗಬಾರದು. ಹಿನ್ನೆಲೆ ಮಸುಕು ಮಾಡುವ ಸಿನಿಮ್ಯಾಟಿಕ್ ಮೋಡ್ ಇಂಥ ಕಡೆ ನೆಚ್ಚಬೇಡಿ. ಉಳಿಯ ತುದಿ, ಬೆರಳ ಸಂದು, ತಲೆಗೂದಲಿನ ಅಂಚನ್ನು ಸಾಫ್ಟ್‌ವೇರ್ ತಪ್ಪಾಗಿ ಕತ್ತರಿಸುತ್ತದೆ. ಪ್ಯಾನ್ ಮಾಡುವುದಾದರೆ, ಅಂದರೆ ಕ್ಯಾಮೆರಾವನ್ನು ಅಡ್ಡಕ್ಕೆ ತಿರುಗಿಸುವುದಾದರೆ, ಆರಂಭದಲ್ಲೂ ಕೊನೆಯಲ್ಲೂ ಮೂರು ಮೂರು ಸೆಕೆಂಡು ನಿಲ್ಲಿಸಿ.

ಹೊರಡುವ ಮುನ್ನ ಲೇತ್ ಸದ್ದನ್ನು ಒಂದು ನಿಮಿಷ, ಯಂತ್ರ ನಿಂತ ಮೇಲಿನ ಕೋಣೆಯ ಮೌನವನ್ನು 30 ಸೆಕೆಂಡು ರೆಕಾರ್ಡ್ ಮಾಡಿ. ಸ್ಲೋ ಮೋಷನ್ ಶಾಟ್‌ಗಳಿಗೆ ಬಳಸಬಹುದಾದ ಧ್ವನಿ ಇರುವುದಿಲ್ಲ. ಆಗ ಇದೇ ಕೈಹಿಡಿಯುತ್ತದೆ.

ಎಡಿಟಿಂಗ್

ಮಾತನ್ನಷ್ಟೇ ಮೊದಲು ಜೋಡಿಸಿ, ಕಣ್ಮುಚ್ಚಿ ಕೇಳಿ. ಕತೆ ಸರಿಹೊಂದಿದ ಮೇಲೆ ಎರಡನೇ ಟ್ರ್ಯಾಕ್‌ನಲ್ಲಿ ಬಿ-ರೋಲ್ ಇಡಿ. ಮಾತು ಕತ್ತರಿಸಿದ ಕಡೆ ಮುಖ ಜಿಗಿಯುತ್ತದೆ. ಪೂರಕ ದೃಶ್ಯ ಆ ಜಾಗಕ್ಕಿಂತ ಒಂದು ಸೆಕೆಂಡು ಮೊದಲೇ ಶುರುವಾಗಿ ಒಂದು ಸೆಕೆಂಡು ಆಚೆಗೆ ಮುಗಿಯಲಿ. ಲೇತ್ ಸದ್ದು ಅದರ ಚಿತ್ರಕ್ಕಿಂತ ಸ್ವಲ್ಪ ಮುಂಚೆ ಕೇಳಿಸಿದರೆ ದೃಶ್ಯ ಬದಲಾದದ್ದು ಗಡಸಾಗಿ ಕಾಣದು. ತುಟಿಗೂ ಮಾತಿಗೂ ಬರಬರುತ್ತ ತಾಳ ತಪ್ಪುತ್ತಿದ್ದರೆ, ಫೋನು ಫ್ರೇಮಿನ ವೇಗವನ್ನು ತಾನೇ ಏರಿಳಿಸಿದೆ ಎಂದರ್ಥ. ಎಡಿಟಿಂಗ್‌ಗೆ ಮುನ್ನ ಫೈಲುಗಳನ್ನು ಸ್ಥಿರ 25 ಫ್ರೇಮ್‌ಗೆ ಪರಿವರ್ತಿಸಿ.

ಅವರ ದನಿ ಗದ್ಗದವಾದಾಗ ಅಥವಾ ಮಾತು ನಿಂತಾಗ ಮುಖದ ಮೇಲೆ ಏನನ್ನೂ ಹೊದಿಸಬೇಡಿ. ಬೇರೆಡೆಯಿಂದ ಅನುಮತಿ ಪಡೆದು ತಂದ ದೃಶ್ಯವಿದ್ದರೆ ‘ಸಾಂದರ್ಭಿಕ ದೃಶ್ಯ’ ಎಂದು ಪರದೆಯ ಮೇಲೆ ಬರೆಯಿರಿ. ಇನ್ನೊಬ್ಬರ ಕೈಕೆಲಸವನ್ನು ಇವರದೆಂದು ತೋರಿಸುವುದು ಇಬ್ಬರಿಗೂ ಮಾಡುವ ಅನ್ಯಾಯ.

ಕೊನೆಗೆ ಧ್ವನಿ ಬಂದ್ ಮಾಡಿ ಪೂರ್ತಿ ನೋಡಿ. ಮರದ ತುಂಡು, ಉಳಿ, ಅರಗು, ಹೊಳಪು, ಬೊಂಬೆ ಈ ಕ್ರಮ ಚಿತ್ರದಲ್ಲೇ ತಿಳಿಯಬೇಕು. ತಿಳಿಯದ ಜಾಗವನ್ನು ಗುರುತು ಹಾಕಿಕೊಂಡು, ಅಲ್ಲಿ ಬೇಕಾದ ಶಾಟ್ ತೆಗೆಯಲು ಇನ್ನೊಂದು ಬೆಳಗು ಚನ್ನಪಟ್ಟಣಕ್ಕೆ ಹೋಗಿಬನ್ನಿ.