ಸಾಫ್ಟ್‌ಬಾಲ್ ಹೆಲ್ಮೆಟ್‌ಗೆ ಫೇಸ್ ಮಾಸ್ಕ್: ಮಕ್ಕಳ ತಂಡದಲ್ಲಿ ನನ್ನ ಅನುಭವ

ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳು ಆಡುವ 12 ವರ್ಷದೊಳಗಿನವರ ಸಾಫ್ಟ್‌ಬಾಲ್ (ಬೇಸ್‌ಬಾಲ್ ತರಹದ ಆಟ) ತಂಡಕ್ಕೆ ನಾನು ಸಹಾಯಕ ಕೋಚ್. ಹೆಲ್ಮೆಟ್ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮ ಲೀಗಿನಲ್ಲಿ ಬ್ಯಾಟ್ ಮಾಡುವವಳಿಗೂ ಬೇಸ್‌ಗಳ (ಮೈದಾನದ ನಾಲ್ಕು ಮೂಲೆಯ ಗುರುತುಗಳ) ನಡುವೆ ಓಡುವವಳಿಗೂ ಮಾಸ್ಕ್, ಅಂದರೆ ಮುಖಕ್ಕೆ ಅಡ್ಡ ಸರಳುಗಳ ಜಾಲರಿ, ಇರುವ ಹೆಲ್ಮೆಟ್ ಕಡ್ಡಾಯ. ಅಮೆರಿಕದ ಹೈಸ್ಕೂಲ್ ಸಾಫ್ಟ್‌ಬಾಲಿನಲ್ಲಿ ಈ ನಿಯಮ 2006ರಲ್ಲೇ ಬಂದಿದೆ.

ಇಷ್ಟೆಲ್ಲ ಬೇಕಾ ಅಂತ ಕೇಳುವ ಅಪ್ಪ ಅಮ್ಮಂದಿರಿಗೆ ನಾನು ದೂರದ ಲೆಕ್ಕ ಹೇಳುತ್ತೇನೆ. ಕ್ರಿಕೆಟ್ ಪಿಚ್ 66 ಅಡಿ. ಇಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವಳು, ನಿಲ್ಲುವುದು 40 ಅಡಿ ದೂರದಲ್ಲಿ. ಗಂಟೆಗೆ 50 ಮೈಲಿ ವೇಗದ ಚೆಂಡು ಅಷ್ಟು ದೂರ ಬರಲು ಸುಮಾರು ಅರ್ಧ ಸೆಕೆಂಡು ಸಾಕು. ಬಂಟ್ ಮಾಡುವಾಗಂತೂ (ಬ್ಯಾಟ್ ಬೀಸದೆ ಚೆಂಡಿಗೆ ಸುಮ್ಮನೆ ಅಡ್ಡ ಹಿಡಿಯುವುದು) ಮುಖ ಚೆಂಡಿನ ಹತ್ತಿರವೇ ಇರುತ್ತದೆ. ಬ್ಯಾಟಿನ ಮೇಲಂಚಿಗೆ ತಾಗಿದರೆ ಚೆಂಡು ನೆಟ್ಟಗೆ ಮೂಗಿಗೇ ಬರಬಹುದು. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ದರೂ ಬ್ಯಾಂಡೇಜ್ ಸುತ್ತಿಕೊಂಡು ಬೌಲ್ ಮಾಡಿದ ಕುಂಬ್ಳೆ ಬಗ್ಗೆ ನಮಗೆಲ್ಲ ಹೆಮ್ಮೆ. ಆದರೆ ಹನ್ನೊಂದು ವರ್ಷದ ಹುಡುಗಿಯಿಂದ ಅಂಥ ಧೈರ್ಯವನ್ನು ಯಾರೂ ಕೇಳಬಾರದು.

ಮಾಸ್ಕ್ ಇದ್ದರಷ್ಟೇ ಸಾಲದು, ಹೆಲ್ಮೆಟ್ ತಲೆಗೆ ಸರಿಯಾಗಿ ಕೂರಬೇಕು. ಮಕ್ಕಳು ಹೇಳುವ ದೂರು ಸಾಮಾನ್ಯವಾಗಿ ಒಂದೇ, “ಚೆಂಡೇ ಕಾಣಲ್ಲ.” ಆಗ ನಾನು ಎದುರಿಗೆ ಮಂಡಿಯೂರಿ ಅವಳ ಕಣ್ಣು ನೋಡುತ್ತೇನೆ. ಮಾಸ್ಕಿನ ಮೇಲಿನ ಸರಳು ಹುಬ್ಬಿನ ಹತ್ತಿರ ಇರಬೇಕು. ಅದು ಕಣ್ಣಿಗೇ ಅಡ್ಡ ಬಂದಿದ್ದರೆ ಹೆಲ್ಮೆಟ್ ದೊಡ್ಡದಾಗಿರುತ್ತದೆ, ಇಲ್ಲವೇ ಒಳಗಿನ ಪ್ಯಾಡ್ ಚಪ್ಪಟೆಯಾಗಿರುತ್ತದೆ. ಎಷ್ಟೋ ಸಲ ಕಾರಣ ಜುಟ್ಟು. ನೆತ್ತಿಯ ಮೇಲೆ ಎತ್ತಿ ಕಟ್ಟಿದರೆ ಹೆಲ್ಮೆಟ್ ಮುಂದಕ್ಕೆ ವಾಲುತ್ತದೆ. ಕೆಳಗೆ ಕಟ್ಟಿ, ಹಿಂದಿನ ಕಿಂಡಿಯಿಂದ ಹೊರಗೆ ಬಿಟ್ಟರೆ ಸರಿಹೋಗುತ್ತದೆ. ಆಮೇಲೆ ತಲೆ ಜೋರಾಗಿ ಅಲ್ಲಾಡಿಸಲು ಹೇಳುತ್ತೇನೆ. ತಲೆಯ ಜೊತೆಗೇ ಹೆಲ್ಮೆಟ್ ತಿರುಗಬೇಕು, ಹಿಂದೆ ಉಳಿಯಬಾರದು.

ಹೊಸಬರಿಗೆ ಮೊದಲು ಟೆನಿಸ್ ಬಾಲ್ ಮೆಲ್ಲಗೆ ಎಸೆದು ಆಡಿಸುತ್ತೇನೆ. ಸ್ವಲ್ಪ ಹೊತ್ತಿಗೆ ಸರಳು ಇರುವುದೇ ಮರೆತುಹೋಗುತ್ತದೆ.

ಅಣ್ಣನ ಬೇಸ್‌ಬಾಲ್ ಹೆಲ್ಮೆಟ್ ತಂದು “ಇದಕ್ಕೇ ಡ್ರಿಲ್ ಹಾಕಿ ಒಂದು ಮಾಸ್ಕ್ ಕೂರಿಸಿ ಸರ್” ಅನ್ನುವವರು ಇರುತ್ತಾರೆ. ನಾನು ಖಂಡಿತ ಒಪ್ಪುವುದಿಲ್ಲ. ಹೆಲ್ಮೆಟ್ ಮೇಲೆ ಎನ್‌ಒಸಿಎಸ್‌ಎಇ ಅನ್ನುವ ಸುರಕ್ಷತಾ ಮಾನದಂಡದ ಗುರುತು ಇರುತ್ತದೆ. ಕಂಪನಿ ಹೇಳದ ಕಡೆ ತೂತು ಕೊರೆದರೆ ಆ ಗುರುತಿಗೆ ಬೆಲೆಯಿಲ್ಲ. ಕೊರೆದ ಜಾಗದಿಂದಲೇ ಬಿರುಕು ಬಿಡಬಹುದು. ಆ ಮಾಡೆಲ್‌ಗೆ ಅಂತಲೇ ಕಂಪನಿ ಮಾಡಿದ ಮಾಸ್ಕ್ ಸಿಕ್ಕರೆ ಸರಿ, ಇಲ್ಲದಿದ್ದರೆ ಹೊಸ ಹೆಲ್ಮೆಟ್ಟೇ ಕೊಳ್ಳಬೇಕು. ಕೊಳ್ಳಲು ಕಷ್ಟ ಇರುವ ಮನೆಯವರಿಗೆ ತಂಡದ ಹೆಲ್ಮೆಟ್ ಕೊಡುತ್ತೇವೆ, ಅದರಲ್ಲಿ ಸಂಕೋಚ ಬೇಡ.

ನನ್ನ ಬ್ಯಾಗಿನಲ್ಲಿ ಯಾವಾಗಲೂ ಸ್ಕ್ರೂಡ್ರೈವರ್ ಇರುತ್ತದೆ. ಔಟಾದ ಸಿಟ್ಟಿಗೆ ಡಗೌಟಿನಲ್ಲಿ (ಆಟಗಾರರು ಕೂರುವ ಜಾಗ) ಹೆಲ್ಮೆಟ್ ಕುಕ್ಕುತ್ತಾರೆ, ಮಾಸ್ಕಿನ ಸ್ಕ್ರೂ ಸಡಿಲವಾಗುತ್ತದೆ. ಆಟಕ್ಕೆ ಮುಂಚೆ ಎಲ್ಲವನ್ನೂ ಬಿಗಿ ಮಾಡುತ್ತೇನೆ, ಬಿರುಕು ಇದೆಯಾ ಅಂತ ಬೆರಳಾಡಿಸಿ ನೋಡುತ್ತೇನೆ. ಬಿರುಕು ಕಂಡರೆ ಆ ಹೆಲ್ಮೆಟ್ ಕಸಕ್ಕೆ.

ಫೀಲ್ಡ್ ಮಾಡುವವರಿಗೆ ನಮ್ಮಲ್ಲಿ ಮಾಸ್ಕ್ ಕಡ್ಡಾಯವಲ್ಲ. ಆದರೂ ಪಿಚರ್‌ಗೆ ಮತ್ತು ಥರ್ಡ್ ಬೇಸ್‌ನಲ್ಲಿ ನಿಲ್ಲುವವಳಿಗೆ ಹಾಕಿಸುತ್ತೇನೆ. ಬ್ಯಾಟಿಗೆ ಬಡಿದು ವಾಪಸ್ ಬರುವ ಚೆಂಡು ಪಿಚರ್ ಎಸೆದದ್ದಕ್ಕಿಂತ ಜೋರಾಗಿ ಬರಬಹುದು, ಎಸೆದ ಮೇಲೆ ಅವಳು ಇನ್ನೂ ಮುಂದೆ ಬಂದಿರುತ್ತಾಳೆ.